ಮನೆಗೆ ಬಂದ ಕೆಲಸ

ಮನುಷ್ಯನು ಕೆಲಸವನ್ನು ಅರಸಿಕೊಂಡು ಹೋಗುವುದು ಲೇಸೋ, ಕೆಲಸವೇ ಅವನ ಮನೆಗೆ ಬರುವುದು ಲೇಸೋ? ಮೇಲ್ನೋಟಕ್ಕೆ ಇದು ಅನುಕೂಲದ ಪ್ರಶ್ನೆಯೆಂದು ತೋರುವುದು. ವಿಚಾರಿಸಿ ನೋಡಿದರೆ ಇದರೊಳಗೆ ನ್ಯಾಯದ ಪ್ರಶ್ನೆಯೊಂದು ಅಡಗಿದೆ.

ಕೆಲಸಕ್ಕೆ ದೂರದ ಹಂಗು ತಪ್ಪುವುದೆಂದು ಮೊದಲೇ ನುಡಿದವರು ಹಲವರು. ಯುರೋಪಿನಲ್ಲಿ ಕುಳಿತ ವಾಸ್ತುಶಿಲ್ಪಿಯು ಅಮೆರಿಕದಲ್ಲಿ ಏಳುತ್ತಿರುವ ಕಟ್ಟಡದ ಮೇಲ್ವಿಚಾರಣೆಯನ್ನು ನಡೆಸಬಹುದೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1950ರಲ್ಲಿಯೇ ಬರೆದರು. 1964ರಲ್ಲಿ ಆರ್ಥರ್ ಕ್ಲಾರ್ಕ್ ಬಿ.ಬಿ.ಸಿ. ದೂರದರ್ಶನದಲ್ಲಿ ಮಾತನಾಡುತ್ತ, ಲಂಡನ್ನಿನಲ್ಲಿ ನಡೆಸುವ ವ್ಯವಹಾರವನ್ನು ಮುಂದೆ ತಾಹಿತಿ ಇಲ್ಲವೆ ಬಾಲಿ ದ್ವೀಪದಿಂದಲೂ ನಡೆಸಬಹುದೆಂದರು. 1973ರಲ್ಲಿ ಜಾಕ್ ನಿಲ್ಸ್ ಈ ಪದ್ಧತಿಗೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. 1980ರಲ್ಲಿ ಆಲ್ವಿನ್ ಟಾಫ್ಲರ್ ‘ಎಲೆಕ್ಟ್ರಾನಿಕ್ ಕುಟೀರ’ದ ಚಿತ್ರವನ್ನು ಮುಂದಿಟ್ಟರು. 2020ರ ಮಹಾಮಾರಿಯಲ್ಲಿ ಕೋಟ್ಯಂತರ ಮನೆಗಳು ಒಮ್ಮೆಲೇ ಕಚೇರಿಗಳಾದವು. ನುಡಿದುದು ಫಲಿಸಿತು. ದೂರವೇ ದಾಸ್ಯ, ದೂರವು ಅಳಿದರೆ ಬಿಡುಗಡೆ ಎಂಬ ನಂಬಿಕೆಯೂ ಅದರೊಡನೆ ಬೆಳೆಯಿತು.

ಸೊಲ್ಲಾಪುರದಲ್ಲಿ ಬಾಳುವ ನಮಗೆ ಈ ನಂಬಿಕೆ ಸುಲಭವಾಗಿ ಒಪ್ಪಿಗೆಯಾಗದು. ನಮ್ಮ ಓಣಿಗಳ ಹೆಣ್ಣುಮಕ್ಕಳು ಬೀಡಿ ಎಲೆ, ತಂಬಾಕು, ದಾರಗಳನ್ನು ತಂದು ಹೊಸ್ತಿಲಲ್ಲಿ ಕುಳಿತು ಬೀಡಿ ಕಟ್ಟುತ್ತ ತಲೆಮಾರುಗಳೇ ಕಳೆದಿವೆ. ಇವರ ಮನೆಗೆ ಕೆಲಸವು ಗಣಕಯಂತ್ರದ ಬೆನ್ನೇರಿ ಬಂದುದಲ್ಲ. ಮಕ್ಕಳು ಕಣ್ಣೆದುರಿಗೇ ಇರುವುದು ನಿಜ. ಆದರೂ ಇದನ್ನು ಬಿಡುಗಡೆಯೆಂದು ಯಾರೂ ಕರೆದಿಲ್ಲ. ಕೂಲಿಯು ಸಾವಿರ ಬೀಡಿಗೆ ಇಷ್ಟೆಂದು. ಎಣಿಸುವವರು ಬೇರೆ, ಕೆಟ್ಟುದೆಂದು ಬದಿಗೆ ತೆಗೆಯುವವರು ಬೇರೆ. ಜಾಗ, ದೀಪ, ತಂಬಾಕಿನ ಧೂಳು ಇವು ಮಾತ್ರ ಮನೆಯವರ ಪಾಲಿಗೆ. ಶಾಲೆಯಿಂದ ಮರಳಿದ ಮಗುವು ಪುಸ್ತಕವನ್ನು ಬದಿಗಿಟ್ಟು ತಾಯಿಯೊಡನೆ ದಾರ ಸುತ್ತುವುದನ್ನು ಕಂಡವರು ನಾವು. 1966ರ ಕಾಯಿದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಎಣಿಸಿತು. ಗೋಡೆಯ ಮರೆಯ ದುಡಿಮೆಯು ದುಡಿಮೆಯೆನಿಸಲು ಕಾಯಿದೆಯ ಮಾತೇ ಬೇಕಾಯಿತು!

ಹಾಗೆಂದು ಮನೆಯಲ್ಲಿ ದುಡಿಯುವುದೇ ಕೇಡೆಂದು ನಾವು ಹೇಳೆವು. 1962ರಲ್ಲಿ ಇಂಗ್ಲೆಂಡಿನ ಸ್ಟೆಫನಿ ಶರ್ಲಿಯವರು, ಮಕ್ಕಳ ಲಾಲನೆಗಾಗಿ ಉದ್ಯೋಗ ಬಿಟ್ಟ ಹೆಂಗಸರಿಗೆ ಮನೆಯಲ್ಲಿಯೇ ಗಣಕಯಂತ್ರದ ಪ್ರೋಗ್ರಾಮು ಬರೆಯುವ ಕೆಲಸ ಕೊಡುವ ಸಂಸ್ಥೆಯನ್ನು ತೆರೆದರು. ಮೊದಲ 300 ನೌಕರರಲ್ಲಿ 297 ಮಂದಿ ಸ್ತ್ರೀಯರು. ಮುಚ್ಚಿದ್ದ ಬಾಗಿಲು ಅವರಿಗೆ ತೆರೆಯಿತು. ಆದರೆ ದೂರವಾಣಿಯಲ್ಲಿ ಮಾತನಾಡುವಾಗ ಮಗುವಿನ ಸದ್ದು ಕೇಳಿಸದಿರಲೆಂದು ಶರ್ಲಿಯವರು ಬೆರಳಚ್ಚು ಯಂತ್ರದ ಸದ್ದನ್ನು ಟೇಪಿನಲ್ಲಿ ಹಾಕುತ್ತಿದ್ದರು. ಮನೆಯು ಕೆಲಸಕ್ಕೆ ಜಾಗ ಕೊಟ್ಟಿತು. ಕೆಲಸದ ಲೋಕವು ಮನೆಗೆ ಮರ್ಯಾದೆ ಕೊಡಲಿಲ್ಲ.

ಆದುದರಿಂದ ದೂರವೊಂದೇ ದಾಸ್ಯವಲ್ಲ. ಅಳತೆಗೋಲು ಯಾರ ಕೈಯಲ್ಲಿದೆ, ವೆಚ್ಚವು ಯಾರ ತಲೆಯ ಮೇಲಿದೆ ಎಂಬುದನ್ನು ಕೇಳಬೇಕು. ದೂರಕ್ಕೆ ಎರಡು ಗುಣಗಳುಂಟು: ಅದು ದಣಿಸುವುದು, ಕಾಯುವುದೂ ಹೌದು. ಸಂಜೆ ಕಚೇರಿಯ ಬಾಗಿಲು ಮುಚ್ಚಿದರೆ ಯಜಮಾನನ ಅಧಿಕಾರವೂ ಅಂದಿಗೆ ಮುಗಿಯುತ್ತಿತ್ತು. ಮನೆಯೇ ಕಚೇರಿಯಾದರೆ ಮುಚ್ಚುವ ಬಾಗಿಲು ಯಾವುದು?

ಕಾಯಕವು ಮನೆಯನ್ನು ಪಾವನಗೊಳಿಸದೇ ಎಂದು ಸಿದ್ಧರಾಮನ ಈ ನೆಲದಲ್ಲಿ ಯಾರಾದರೂ ಕೇಳಬಹುದು. ನಿಜ. ಆದರೆ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ಫಲವೆಲ್ಲ ಒಬ್ಬನಿಗೆ, ಬವಣೆಯೆಲ್ಲ ಇನ್ನೊಬ್ಬಳಿಗೆ ಎಂಬುದು ಕಾಯಕವಲ್ಲ. ಅದು ಬರಿಯ ಬಿಟ್ಟಿ.

ಮನೆಗೆ ಬಂದ ಕೆಲಸವು ಅತಿಥಿಯಂತಿರಲಿ. ಅತಿಥಿಗೆ ಚಾಪೆ ಹಾಸುವುದು ಮನೆಯವರ ಧರ್ಮ. ಹೊತ್ತು ನೋಡಿ ಏಳುವುದು ಅತಿಥಿಯ ಧರ್ಮ. ಏಳುವ ಹೊತ್ತು ಯಾವುದು, ದೀಪದ ಎಣ್ಣೆ ಯಾರದು ಎಂಬುದನ್ನು ಕೆಲಸ ಕೊಡುವವರು ಮೊದಲೇ ಹೇಳಲಿ. ಗಣಕಯಂತ್ರದ ಮುಂದೆ ಕುಳಿತವರಿಗೆ ಸಲ್ಲುವ ಈ ನ್ಯಾಯವು ಹೊಸ್ತಿಲಲ್ಲಿ ಬೀಡಿ ಕಟ್ಟುವ ತಾಯಿಗೂ ಸಲ್ಲಬೇಕು.