ಗುರುತಿಲ್ಲದವರಿಗೆ ಬರೆದಿಟ್ಟ ಲೆಕ್ಕ

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಯಾರ ತಕರಾರೂ ಇಲ್ಲ. ತಲೆಯಾಡಿಸುತ್ತೇವೆ, ಆಮೇಲೆ ನಮ್ಮ ಟಿಪ್ಪಣಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಆದರೆ ಅವರಲ್ಲೇ ಒಂದು ಶಾಖೆಯವರು, ಪ್ರೋಟೀನುಗಳ ಆಕಾರ ಹುಡುಕುವವರು, ಆ ಬೀಗ ತೆಗೆದರು. ಅವರು ಅದನ್ನು ತೆಗೆದ ಬಗೆಯನ್ನು ನೋಡಿದಾಗಲೆಲ್ಲ, ಕೊಡುವುದು ಎಂದರೆ ಏನೆಂದು ನಾವು ಪೂರ್ತಿ ಯೋಚಿಸಿಯೇ ಇಲ್ಲವೇನೋ ಅನಿಸುತ್ತದೆ.

ಪ್ರೋಟೀನಿನ ಆಕಾರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಮೊದಮೊದಲು ಅದನ್ನು ಹರಳುಗಟ್ಟಿಸಿ, ಹರಳಿಗೆ ಎಕ್ಸ್-ಕಿರಣ ಹಾಯಿಸಿ, ಚದುರಿ ಬಿದ್ದ ಚುಕ್ಕೆಗಳನ್ನು ಅಳೆದು, ಒಂದೊಂದು ಪರಮಾಣು ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕಬೇಕಿತ್ತು. ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಸ್ ಹಿಮೋಗ್ಲೋಬಿನ್ನಿಗೆ ಕೈ ಹಾಕಿದ್ದು 1937ರಲ್ಲಿ. ಅದರ ಒರಟು ರೂಪ ಕಂಡದ್ದು 1959ರಲ್ಲಿ. ಇಂಥ ಶ್ರಮ ತೆತ್ತು ಕೊನೆಗೆ ಪಡೆಯುವುದೇನು? ಪರಮಾಣುವೊಂದಕ್ಕೆ ಮೂರು ಸಂಖ್ಯೆ, ಅಂಥ ಸಾವಿರಾರು ಸಾಲು. ಪತ್ರಿಕೆಗಳಲ್ಲಿ ಚಿತ್ರವೂ ತೀರ್ಮಾನವೂ ಅಚ್ಚಾಗುತ್ತಿದ್ದವು. ಸಂಖ್ಯೆಗಳು ಮಾತ್ರ ಕಂಡುಹಿಡಿದವರ ಕಪಾಟಿನಲ್ಲೇ ಉಳಿಯುತ್ತಿದ್ದವು. ಬೇಕಾದವರು ಕಾಗದ ಬರೆದು ಕೇಳಬೇಕು; ಕೊಡುವುದು ಬಿಡುವುದು ಅವರವರ ಮರ್ಜಿ.

1971ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಈ ಕ್ಷೇತ್ರದವರ ಸಮಾವೇಶ ನಡೆಯಿತು. ಹೆಲೆನ್ ಬರ್ಮನ್ ಅವರಂಥ ಕಿರಿಯರು ಈ ಸಂಖ್ಯೆಗಳಿಗೆ ಒಂದು ಸಾಮೂಹಿಕ ಭಂಡಾರ ಬೇಕೆಂದು ಒತ್ತಾಯಿಸಿದರು. ಹತ್ತಿರದ ಬ್ರೂಕ್‌ಹೇವನ್ ಪ್ರಯೋಗಾಲಯದ ವಾಲ್ಟರ್ ಹ್ಯಾಮಿಲ್ಟನ್ ಹೊಣೆ ಹೊರಲು ಒಪ್ಪಿದರು. ಅದೇ ಅಕ್ಟೋಬರ್‌ನಲ್ಲಿ ಕೇಂಬ್ರಿಜ್‌ನ ಸಹಯೋಗದೊಂದಿಗೆ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾದ ಪ್ರಕಟಣೆ ಬಂತು. ಆಗ ಅದರಲ್ಲಿದ್ದದ್ದು 7 ರಚನೆಗಳು. ಬ್ಯಾಂಕ್ ಎನ್ನಲು ನಗು ಬರುವಷ್ಟು ಬಂಡವಾಳ!

ಆ ಏಳಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಭಂಡಾರದ ಅಂಕಿಗಳನ್ನು ಬರೆದಿಟ್ಟ ರೀತಿ. ಅದು ತೂತು ಕೊರೆದ ಕಾರ್ಡುಗಳ ಕಾಲ. ಒಂದು ಕಾರ್ಡಿಗೆ 80 ಅಕ್ಷರಗಳ ಜಾಗ. ಪರಮಾಣುವಿನ ಹೆಸರು ಎಲ್ಲಿ ಬರಬೇಕು, ಅದು ಯಾವ ಅಮೈನೋ ಆಮ್ಲದ ಭಾಗವೆಂಬುದು ಎಲ್ಲಿ, ಸ್ಥಾನ ಹೇಳುವ ಮೂರು ಸಂಖ್ಯೆಗಳು ಎಲ್ಲೆಲ್ಲಿ ಎಂದು ಮನೆ ಮನೆಯಾಗಿ ಗೊತ್ತುಮಾಡಿದರು. ಇವತ್ತಿಗೂ ಆ ಧಾಟಿಯ ಕಡತ ತೆರೆದರೆ ಮೊದಲ ಸಂಖ್ಯೆ 31ರಿಂದ 38ನೇ ಮನೆಯೊಳಗೇ ಇರುತ್ತದೆ, ಎರಡನೆಯದು 46ರೊಳಗೆ, ಮೂರನೆಯದು 54ರೊಳಗೆ. ಅಳತೆಯ ಮಾನ ಎಲ್ಲರಿಗೂ ಒಂದೇ, ಆಂಗ್‌ಸ್ಟ್ರಾಮ್. ಇದನ್ನು ನಿಗದಿ ಮಾಡುವ ಕೆಲಸದಷ್ಟು ನೀರಸವಾದದ್ದು ಇನ್ನೊಂದಿಲ್ಲ. ಅದಕ್ಕೆ ಹಾರ ತುರಾಯಿ ಹಾಕಿದವರನ್ನೂ ಕಾಣೆ.

ಆದರೂ ನೈತಿಕತೆ ಇರುವುದು ಅಲ್ಲೇ ಎಂದು ನಾನು ವಾದಿಸುತ್ತೇನೆ. ನನ್ನ ಲೆಕ್ಕವನ್ನು ನನಗೆ ತಿಳಿಯುವಂತೆ ಗೀಚಿಕೊಂಡು, ಕೇಳಿದವರ ಕೈಗೆ ಆ ಗೀಚನ್ನೇ ಇತ್ತರೆ, ಕೊಟ್ಟ ಹೆಮ್ಮೆ ನನಗೆ ಸಿಕ್ಕೀತು, ಅವರಿಗೇನೂ ಸಿಗದು. ಎದುರಿಗೆ ನಿಂತು ಕೇಳಿದವನಿಗೆ ಬಿಡಿಸಿ ಹೇಳಬಹುದು. ಮೂವತ್ತು ವರ್ಷದ ಮೇಲೆ, ಬೇರೊಂದು ಖಂಡದಲ್ಲಿ, ನಾನು ಊಹಿಸಲಾರದ ಪ್ರಶ್ನೆ ಹಿಡಿದು ಬರುವವನಿಗೆ? ಅವನಿಗಾಗಿ ನನ್ನ ಅಭ್ಯಾಸವನ್ನು ಬಿಟ್ಟು ಎಲ್ಲರೂ ಒಪ್ಪಿದ ಮನೆಗಳಲ್ಲೇ ಅಂಕಿ ತುಂಬುವುದು ಬೇಸರದ ಕೆಲಸ. ಆ ಬೇಸರವನ್ನು ಇನ್ನೊಬ್ಬನ ಪರವಾಗಿ ತಾನೇ ಅನುಭವಿಸಿ ಮುಗಿಸುವುದಿದೆಯಲ್ಲ, ದೊಡ್ಡ ಮನಸ್ಸಿನ ಬಗ್ಗೆ ಮಾತಾಡುವಾಗ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಲ್ಲರೂ ಓಡೋಡಿ ಬಂದು ಕೊಟ್ಟರು ಎಂದೇನೂ ತಿಳಿಯಬೇಡಿ. ಬಹಳ ಮಂದಿ ಕೊಡಲಿಲ್ಲ. ಅವರನ್ನು ಜಿಪುಣರೆಂದು ಬೈಯಲು ನನಗೆ ಮನಸ್ಸಿಲ್ಲ. ಒಬ್ಬ ವಿದ್ಯಾರ್ಥಿ ಐದಾರು ವರ್ಷ ಸವೆಸಿ ಪಡೆದ ಅಂಕಿಗಳನ್ನು ಹತ್ತು ಜನರ ಶ್ರೀಮಂತ ತಂಡವೊಂದು ಆರು ತಿಂಗಳಲ್ಲಿ ಬಾಚಿಕೊಂಡರೆ ಆ ಹುಡುಗನ ಗತಿಯೇನು ಎಂಬ ಭಯ ಹುಸಿಯಲ್ಲ. ಕೊನೆಗೆ 1989ರಲ್ಲಿ ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ಮಾರ್ಗಸೂಚಿ ಹೊರಡಿಸಿತು: ಲೇಖನ ಪ್ರಕಟಿಸುವವರು ಅಂಕಿಗಳನ್ನು ಭಂಡಾರಕ್ಕೆ ಒಪ್ಪಿಸಬೇಕು, ಬೇಕಾದರೆ ಸ್ವಲ್ಪ ಕಾಲ ಮುಚ್ಚಿಡಲು ಕೋರಬಹುದು. ಪತ್ರಿಕೆಗಳು ಒಂದೊಂದಾಗಿ ಇದನ್ನು ಷರತ್ತಾಗಿಸಿದವು. ಮುಂದೆ ಆ ರಿಯಾಯಿತಿಯೂ ಹೋಯಿತು. ನಿಯಮ ಬಂದ ಮೇಲೆ ಮನುಷ್ಯರು ಒಳ್ಳೆಯವರಾದರು ಎನ್ನಲಾರೆ. ಮೊದಲು ಕೊಟ್ಟವನೇ ಮೋಸಹೋಗುವ ಸ್ಥಿತಿ ತಪ್ಪಿತು, ಅಷ್ಟೇ, ಅದು ಸಣ್ಣದಲ್ಲ.

ಕೊಟ್ಟವನು ತನ್ನ ತಪ್ಪನ್ನೂ ತೆರೆದಿಡುತ್ತಾನೆ. ಈ ಭಂಡಾರಕ್ಕೆ ಬರುವ ಪ್ರತಿ ಪ್ರೋಟೀನ್ ರಚನೆಯನ್ನೂ ರಾಮಚಂದ್ರನ್ ನಕ್ಷೆಗೆ ಹಚ್ಚಿ ನೋಡುತ್ತಾರೆ. 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಸಂಗಡಿಗರಾದ ರಾಮಕೃಷ್ಣನ್, ಶಶಿಶೇಖರನ್ ಜೊತೆ ಪ್ರಕಟಿಸಿದ ನಕ್ಷೆ ಅದು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗೀತು, ಯಾವುವಲ್ಲಿ ತಿರುಗಲಾರದು ಎಂದು ಹೇಳುತ್ತದೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. ಅದೇ ವಿಭಾಗದಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿದ ಕಡಲೆಕಾಯಿಯ ಲೆಕ್ಟಿನ್ ಪ್ರೋಟೀನಿನ ರಚನೆಯೂ ಇದೇ ಭಂಡಾರದಲ್ಲಿದೆ. ನಕ್ಷೆಗೆ ಹೊಂದದ ಕೋನಗಳು ಇದ್ದರೆ ಭಂಡಾರದ ಪರಿಶೀಲನೆಯ ವರದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತವೆ. 2006–07ರಲ್ಲಿ ಅಮೆರಿಕದ ಹೆಸರಾಂತ ತಂಡವೊಂದು ತನ್ನ ಐದು ಲೇಖನಗಳನ್ನು ಹಿಂತೆಗೆದುಕೊಂಡಿತು. ಕಾರಣ, ಆ ತಂಡ ಬಳಸುತ್ತಿದ್ದ ಖಾಸಗಿ ಕಂಪ್ಯೂಟರ್ ಪ್ರೋಗ್ರಾಂ ಎರಡು ಕಾಲಂಗಳನ್ನು ಅದಲುಬದಲು ಮಾಡಿ ರಚನೆಯನ್ನೇ ಕನ್ನಡಿಯ ಬಿಂಬದಂತೆ ತಿರುಗಿಸಿತ್ತು. ಬೇರೆಯವರ ರಚನೆಯ ಪಕ್ಕ ಇಟ್ಟು ನೋಡಿದಾಗ ಅದು ಹೊರಬಿತ್ತು. ಒಂದೇ ಮಾನದಲ್ಲಿ ಅಳೆಯದೆ ಇದ್ದಿದ್ದರೆ ಪಕ್ಕ ಇಡುವುದಾದರೂ ಹೇಗೆ?

ಹೀಗೆ ಕೊಟ್ಟಿಟ್ಟದ್ದು ಯಾರಿಗೆ ಒದಗಿತು ನೋಡಿ. ಕೋವಿಡ್ ವೈರಸ್ಸಿನ ಮುಖ್ಯ ಪ್ರೋಟಿಯೇಸ್ ಎಂಬ ಪ್ರೋಟೀನಿನ ರಚನೆಯನ್ನು ಚೀನಾದ ವಿಜ್ಞಾನಿಗಳು ಈ ಭಂಡಾರದಲ್ಲಿ ತೆರೆದಿಟ್ಟದ್ದು 2020ರ ಫೆಬ್ರವರಿ ಮೊದಲ ವಾರ. ಮುಂದೆ ಬಂದ ಪ್ಯಾಕ್ಸ್‌ಲೋವಿಡ್ ಮಾತ್ರೆಯ ಗುರಿಯೂ ಇದೇ ಪ್ರೋಟೀನ್. ಅದೇ ವರ್ಷ ಗೂಗಲ್ ಒಡೆತನದ ಡೀಪ್‌ಮೈಂಡ್ ಆಲ್ಫಾಫೋಲ್ಡ್‌ನ ಹೊಸ ರೂಪವನ್ನು ತೋರಿಸಿತು. ಪ್ರೋಟೀನಿನ ಆಕಾರವನ್ನು ಊಹಿಸುವ ಆ ಯಂತ್ರ ಪಾಠ ಕಲಿತದ್ದು ಈ ಭಂಡಾರದ ಸುಮಾರು 1,70,000 ರಚನೆಗಳಿಂದ. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಇಬ್ಬರಿಗೂ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಭಂಡಾರದ ಕೋಟ್ಯಂತರ ಸಾಲುಗಳನ್ನು ಮನೆಮನೆಗೆ ತುಂಬಿದ ಬಹುಮಂದಿಯ ಹೆಸರು ಆ ಬಹುಮಾನದ ಪಟ್ಟಿಯಲ್ಲಿಲ್ಲ. ಹ್ಯಾಮಿಲ್ಟನ್ ಅಂತೂ 1973ರಲ್ಲೇ ತೀರಿಕೊಂಡಿದ್ದರು.

ಇಲ್ಲಿ ಒಂದು ಕಹಿಯನ್ನೂ ನುಂಗಬೇಕು. ಎಲ್ಲರೂ ಕೊಟ್ಟದ್ದರಿಂದ ಬೆಳೆದ ಆ ಯಂತ್ರದ ಮುಂದಿನ ಆವೃತ್ತಿ 2024ರ ಮೇನಲ್ಲಿ ಪ್ರಕಟವಾದಾಗ ಅದರ ಕೋಡನ್ನು ಕೊಡಲಿಲ್ಲ. ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ನವೆಂಬರ್‌ನಲ್ಲಿ ಶೈಕ್ಷಣಿಕ ಬಳಕೆಗೆಂದು ಬಿಟ್ಟರು. ಸಾರ್ವಜನಿಕ ಕೆರೆಯ ನೀರು ಕುಡಿದು ಸ್ವಂತ ಬಾವಿಗೆ ಬೇಲಿ ಹಾಕಿದಂತೆ! ಹಾಗೆಂದು ಕೆರೆ ಕಟ್ಟಿದ್ದೇ ತಪ್ಪೆಂದರೆ ಒಪ್ಪಲಾರೆ. ಆ ಯಂತ್ರದ ಹಿಂದಿನ ಆವೃತ್ತಿ ಊಹಿಸಿದ ಕೋಟ್ಯಂತರ ರಚನೆಗಳು ಇವತ್ತು ಎಲ್ಲರಿಗೂ ಉಚಿತ. ಮೂಲ ಭಂಡಾರವೂ ಎರಡು ಲಕ್ಷ ದಾಟಿ, ಕಾಸಿಲ್ಲದೆ, ಹೆಸರು ಕೇಳದೆ, ದಾವಣಗೆರೆಯ ಕಾಲೇಜು ಹುಡುಗಿಗೂ ಹಾರ್ವರ್ಡ್ ಪ್ರೊಫೆಸರರಿಗೂ ಒಂದೇ ಬಾಗಿಲಿನಿಂದ ತೆರೆದುಕೊಳ್ಳುತ್ತದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಣ್ಣು, ಮಳೆ, ಬೆಳೆ, ರೋಗ ಎಂದು ದುಡಿಯುತ್ತಿರುವ ಸಂಶೋಧಕರಲ್ಲಿ ಒಂದು ವಿನಂತಿ. ಪಿಎಚ್.ಡಿ. ಮುಗಿದು ಪ್ರಬಂಧ ರಟ್ಟಿನೊಳಗೆ ಸೇರುವ ಮುಂಚೆ, ಅದರ ಹಿಂದಿನ ಅಂಕಿಗಳ ಕಡತವನ್ನು ಒಮ್ಮೆ ತೆರೆಯಿರಿ. ಪ್ರತಿ ಕಾಲಂ ಏನನ್ನು ಅಳೆದದ್ದು, ಯಾವ ಮಾನದಲ್ಲಿ, ಯಾವ ಉಪಕರಣದಿಂದ, ಎಲ್ಲಿ, ಯಾವ ದಿನ ಎಂದು ಬರೆಯಿರಿ. ನಿಮ್ಮ ಕ್ಷೇತ್ರದವರು ಒಪ್ಪಿದ ಮಾದರಿ ಇದ್ದರೆ ಅದರಲ್ಲೇ ತುಂಬಿ, ಎಲ್ಲರಿಗೂ ಸಿಗುವ ಕಡೆ ಇಡಿ. ಮಾರ್ಗದರ್ಶಕರಾದವರು ಈ ಕೆಲಸಕ್ಕೆಂದೇ ವಿದ್ಯಾರ್ಥಿಗೆ ಒಂದಿಷ್ಟು ದಿನ ಬಿಡುವು ಕೊಡಿ.