ಮರಕ್ಕೆ ಬಿಟ್ಟ ಜಾಗ

ಒಸಾಕಾ–ಕ್ಯೋಟೋ ನಡುವಿನ ಕೇಹಾನ್ ರೈಲು ಮಾರ್ಗದಲ್ಲಿ, ನೆಯಗಾವ ಪಟ್ಟಣದ ಕಯಶಿಮಾ ನಾನು ದಿನಾ ರೈಲು ಹತ್ತುವ ನಿಲ್ದಾಣ. ಕಂಬಗಳ ಮೇಲೆ ಎತ್ತಿ ಕಟ್ಟಿದ ಅದರ ಪ್ಲಾಟ್‌ಫಾರಮ್ಮನ್ನೂ ಚಾವಣಿಯನ್ನೂ ಸೀಳಿಕೊಂಡು ಸುಮಾರು 700 ವರ್ಷದ ಕರ್ಪೂರದ ಮರವೊಂದು ಮೇಲೆದ್ದಿದೆ. ಬುಡ ಕೆಳಗಿನ ಪುಟ್ಟ ಶಿಂಟೋ ಗುಡಿಯ ಅಂಗಳದಲ್ಲಿ. ಕಾಂಡಕ್ಕೆ ಹುಲ್ಲಿನ ದಪ್ಪ ಹಗ್ಗ, ಹಗ್ಗಕ್ಕೆ ಬಿಳಿ ಕಾಗದದ ಪಟ್ಟಿಗಳು.

ನಿಲ್ದಾಣ ಶುರುವಾದದ್ದು 1910ರಲ್ಲಿ. 1970ರ ದಶಕದಲ್ಲಿ ಹಳಿಗಳನ್ನು ಎತ್ತರಿಸಿ, ಎರಡಿದ್ದದ್ದನ್ನು ನಾಲ್ಕು ಮಾಡುವ ಯೋಜನೆ ಬಂದಾಗ ಮರ ಅಡ್ಡವಾಯಿತು. ಕಡಿಯುವುದೆಂದು ತೀರ್ಮಾನವೂ ಆಗಿತ್ತು. ಊರಿನವರು ಒಪ್ಪಲಿಲ್ಲ. ಕೊಂಬೆ ಮುರಿದವನಿಗೆ ಅದೇ ದಿನ ಜ್ವರ ಬಂತಂತೆ, ಬುಡದಲ್ಲಿ ಬಿಳಿ ಹಾವು ಕಂಡಿತಂತೆ ಎಂಬ ಮಾತುಗಳೂ ಹಬ್ಬಿದವು. 1980ರಲ್ಲಿ ಹೊಸ ನಿಲ್ದಾಣ ಮರವನ್ನು ಒಳಗಿಟ್ಟುಕೊಂಡೇ ಎದ್ದಿತು.

ಹಾಗಾದರೆ ಮರ ಉಳಿದದ್ದು ಬರೀ ಹೆದರಿಕೆಯಿಂದಲೇ? ನನಗೆ ಹಾಗನ್ನಿಸುವುದಿಲ್ಲ. ಹೆದರಿಕೆಗೆ ಅಗ್ಗದ ಪರಿಹಾರ ಇಲ್ಲಿಯೇ ಉಂಟು: ಶಿಂಟೋ ಪುರೋಹಿತರನ್ನು ಕರೆಸಿ, ಶುದ್ಧಿ ಮಾಡಿಸಿ, ಮರದ ಕ್ಷಮೆ ಕೇಳಿ ಕಡಿಯಬಹುದು. ಹಾಗೆ ಕಡಿಯುವ ಪದ್ಧತಿ ಇವತ್ತಿಗೂ ಇದೆ. ಕಯಶಿಮಾದಲ್ಲಿ ದುಬಾರಿ ದಾರಿ ಹಿಡಿದರು.

ಅದು ಎಷ್ಟು ದುಬಾರಿ ಎಂಬುದು ಕಟ್ಟಡದ ನಕ್ಷೆ ಬರೆದು ಹೊಟ್ಟೆ ಹೊರೆಯುವ ನನಗೆ ಗೊತ್ತು. ಕಾಂಕ್ರೀಟಿನಲ್ಲಿ ತೂತು ಬಿಟ್ಟರೆ ಅದರ ಸುತ್ತಲಿನ ತೊಲೆಗಳ ಲೆಕ್ಕವೆಲ್ಲ ಬದಲಾಗುತ್ತದೆ. ಮರ ಸುಮ್ಮನಿರುವ ವಸ್ತುವೂ ಅಲ್ಲ. ಚಂಡಮಾರುತಕ್ಕೆ ಓಲಾಡುತ್ತದೆ, ವರ್ಷವರ್ಷವೂ ದಪ್ಪವಾಗುತ್ತದೆ. ಅದು ಇನ್ನೂ ಬೆಳೆಯದ ಅಳತೆಗೂ ಈಗಲೇ ಜಾಗ ಬಿಡಬೇಕು. ಮೇಲೆ ಪ್ರತಿ ವಸಂತದಲ್ಲೂ ಉದುರಿದ ಎಲೆ ಗುಡಿಸುವ ಕೆಲಸ.

"ಇದರಲ್ಲಿ ದೇವರಿದೆ ಅಂತ ನಂಬುತ್ತೀರಾ?" ಎಂದು ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರನ್ನು ಕೇಳಿದ್ದೆ. "ಅದನ್ನು ಯೋಚಿಸಿಯೇ ಇಲ್ಲ" ಎಂದರು. ಹೊಸ ವರ್ಷಕ್ಕೆ ಮಾತ್ರ ಕೆಳಗಿನ ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದನ್ನು ಅವರು ತಪ್ಪಿಸುವುದಿಲ್ಲ.

ಮೊದಲು ನಂಬಿಕೆ, ಅದು ಗಟ್ಟಿಯಾದ ಮೇಲೆ ಭಕ್ತಿ ಎಂದುಕೊಂಡು ಬೆಳೆದವನು ನಾನು. ನಮ್ಮ ಮನೆಯ ಆರತಿಯಲ್ಲಿ ಕರ್ಪೂರ ಉರಿದು ಇಲ್ಲವಾಗುತ್ತಿತ್ತು; ಅಹಂಕಾರ ಹಾಗೆ ಕರಗಬೇಕು ಎನ್ನುತ್ತಿದ್ದರು ಅಜ್ಜಿ. ಇಲ್ಲಿ ಕರ್ಪೂರದ ಮರ ಕದಲಲಿಲ್ಲ, ಕರಗಬೇಕಾದದ್ದು ನಕ್ಷೆಯ ಹಠ. ಯಾರು ಯಾರಿಗೆ ಜಾಗ ಬಿಟ್ಟರು ಎಂಬುದರಲ್ಲೇ ಭಕ್ತಿ ಪೂರ್ತಿ ನಡೆದುಹೋಗಿದೆ. ನಂಬಿಕೆಯ ವಾದ ಬೇಕಾದರೆ ಆಮೇಲೂ ಮಾಡಿಕೊಳ್ಳಬಹುದು.

ಮರದಲ್ಲಿ ದೇವರಿದೆಯೇ ಎಂದು ಕೇಳಿದರೆ ಇವತ್ತಿಗೂ ಇಲ್ಲವೆಂದೇ ಹೇಳುತ್ತೇನೆ. ಆದರೆ ಆ ನಕ್ಷೆ ನನ್ನ ಮೇಜಿಗೆ ಬಂದರೆ, ತೂತು ಬಿಟ್ಟೇ ಗೆರೆ ಎಳೆಯುತ್ತೇನೆ.