ಒಂದು ರಾತ್ರಿಯ ಋಣ

ಕಳೆದ 2025ರ ನವೆಂಬರಿನಲ್ಲಿ ನಾವು ದಂಪತಿಗಳು ನಮ್ಮದೇ ಮುಂಬಯಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ತಂಗಿದೆವು. ಡೊಂಬಿವಲಿಯಲ್ಲಿ ಸ್ವಂತ ಮನೆಯಿದ್ದೂ, ಐವತ್ತು ವರ್ಷ ಈ ನಗರದ ಅನ್ನ ಉಂಡೂ, ಫೋರ್ಟಿನಲ್ಲಿ ಬಾಡಿಗೆಯ ಕೋಣೆ ಹಿಡಿದೆವೆಂದರೆ ಓದುಗರು ನಗಬಹುದು. ಕಾರಣ ಇಷ್ಟೇ. ನಮ್ಮ ಮದುವೆಗೆ ಐವತ್ತು ತುಂಬಿತೆಂದು ಮಕ್ಕಳು ಸೇರಿ, ಗೋವಾಕ್ಕೆ ಹೋಗಿ ಬರುವ ವಿಹಾರದ ಹಡಗಿನಲ್ಲಿ ಟಿಕೆಟು ತೆಗೆದಿದ್ದರು. ಹಡಗು ಹೊರಡುವುದು ಬ್ಯಾಲಾರ್ಡ್ ಪಿಯರಿನಿಂದ, ಅದೂ ಭಾನುವಾರ. ಭಾನುವಾರವೆಂದರೆ ಮಧ್ಯ ರೈಲ್ವೆಯ ಮೆಗಾಬ್ಲಾಕಿನ ದಿನ ಎಂಬುದನ್ನು ಮುಂಬಯಿ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಒಂದು ತಪ್ಪಿದರೆ ನಾಲ್ಕು ನಿಮಿಷಕ್ಕೆ ಇನ್ನೊಂದು ಬರಲು ಹಡಗೇನು ಲೋಕಲ್ ಗಾಡಿಯೇ? ಮಗ ಪುಣೆಯಲ್ಲಿ ಕುಳಿತೇ ಶನಿವಾರದ ರಾತ್ರಿಗೆ ಕೋಣೆ ಕಾದಿರಿಸಿದ.

ಕನ್ನಡಿಗರಾದ ನಮಗೆ ಹೋಟೆಲೆಂದರೆ ಮೊದಲು ಹೊಳೆಯುವುದು ತಿಂಡಿಯೇ ಹೊರತು ಹಾಸಿಗೆಯಲ್ಲ. ಮಲಗುವ ಜಾಗಕ್ಕೆ ಲಾಡ್ಜು ಎನ್ನುತ್ತಿದ್ದೆವು. ಅದೂ ಕೋರ್ಟು ಕಚೇರಿಯ ಕೆಲಸಕ್ಕೆ ಬಂದವರಿಗೆ, ಪರ ಊರಿನಲ್ಲಿ ಯಾರೂ ಇಲ್ಲದವರಿಗೆ. ಈ ಹಳೆಯ ತಿಳಿವಳಿಕೆ ನಮಗಿಂತ ಹೋಟೆಲಿನವರಿಗೇ ಹೆಚ್ಚು ಇದ್ದಂತೆ ಕಂಡಿತು. ಕೌಂಟರಿನ ತರುಣ ನಮ್ಮ ಆಧಾರ್ ಕಾರ್ಡು ನೋಡಿ, ಸ್ಥಳೀಯರಿಗೆ ಕೋಣೆ ಕೊಡುವುದಿಲ್ಲ ಎಂದ. ಹಣ ಸಂದಾಯವಾಗಿದೆಯಲ್ಲ ಎಂದೆವು. ಮನೆ ಇಲ್ಲೇ ಇರುವಾಗ ಕೋಣೆ ಏಕೆ ಎಂದು ಕೇಳಿದ. ಎಪ್ಪತ್ತು ದಾಟಿದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಕೊನೆಗೆ ಹಡಗಿನ ಟಿಕೆಟು ತೋರಿಸಿದ ಮೇಲೆ, ಮ್ಯಾನೇಜರರಿಗೆ ಫೋನು ಮಾಡಿ, ಬೀಗದ ಕಾರ್ಡು ಕೈಗಿತ್ತ.

ಆಮೇಲೆ ನಮಗೆ ನಗು ಬಂದುದು ಬೇರೊಂದು ಕಾರಣಕ್ಕೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಅತಿಥಿ ಯಾರೆಂಬ ಚರ್ಚೆಯಿದೆ. ಒಂದೇ ರಾತ್ರಿ ತಂಗುವವನು ಅತಿಥಿ. ಅವನ ಇರವು ನಿತ್ಯವಲ್ಲವಾದ್ದರಿಂದಲೇ ಅವನಿಗೆ ಆ ಹೆಸರು. ಅಲ್ಲಿಯವರೆಗೆ ನಾವು ಪಾಸಾದೆವು. ಮುಂದಿನ ಶ್ಲೋಕದಲ್ಲೇ, ಅದೇ ಗ್ರಾಮದವನು ಅತಿಥಿಯಲ್ಲ, ಹರಟೆ ವಿನೋದಕ್ಕೆ ಬಂದವನೂ ಅಲ್ಲ ಎಂದಿದೆ. ಡೊಂಬಿವಲಿಯ ವಿಳಾಸವಿಟ್ಟುಕೊಂಡು ಮೋಜಿನ ಹಡಗು ಹತ್ತಲು ಬಂದ ನಾವು ಎರಡೂ ಬಗೆಯಿಂದ ಅನರ್ಹರು. ಕೌಂಟರಿನ ತರುಣ ಮನುವನ್ನು ಓದಿರಲಾರ. ಆದರೂ ಅವನ ಪ್ರಶ್ನೆ, ಮನೆ ಇಲ್ಲೇ ಇರುವಾಗ ಕೋಣೆ ಏಕೆ ಎಂಬುದು, ಅವನು ತಿಳಿದುದಕ್ಕಿಂತ ಆಳವಾಗಿ ನಾಟಿತು. ಏಕೆಂದರೆ ಅಲ್ಲಿಂದ ಮೂರು ಕಿಲೋಮೀಟರಿನೊಳಗೆ, ಗಿರಗಾಂವದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ, ನಮ್ಮ ಅಕ್ಕನ ಖೋಲಿ ಇದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು. 1976ರ ಜನವರಿಯಲ್ಲಿ, ಮದುವೆಯಾಗಿ ಎರಡು ತಿಂಗಳಾಗಿದ್ದ ನಾವು ಮೊದಲ ಬಾರಿ ಮುಂಬಯಿಗೆ ಬಂದುದು ಹಡಗಿನಲ್ಲೇ. ಕಾರವಾರದ ಕಡೆಯ ಹಿರಿಯರು ಅದನ್ನು ಆಗಬೋಟಿ ಎನ್ನುತ್ತಿದ್ದರು. ಆಗ ಕಾಳಿ ನದಿಗೂ ಜುವಾರಿಗೂ ಸೇತುವೆ ಇರಲಿಲ್ಲ. ತಾರಿಯಲ್ಲಿ ದಾಟಿ ಪಣಜಿಗೆ ಬಂದು, ಮಾಂಡೋವಿಯ ದಂಡೆಯಲ್ಲಿ ಟ್ರಂಕಿನ ಮೇಲೆ ತಲೆಯಿಟ್ಟು ರಾತ್ರಿ ಕಳೆದೆವು. ಪಕ್ಕದಲ್ಲಿ ಮಲಗಿದ್ದ ಅಪರಿಚಿತ ಮುದುಕಿಯೊಬ್ಬಳು, ನೀವು ನಿದ್ದೆ ಮಾಡಿ, ಸಾಮಾನು ನಾನು ನೋಡಿಕೊಳ್ಳುತ್ತೇನೆ ಎಂದು ಕೊಂಕಣಿಯಲ್ಲಿ ಹೇಳಿ, ಬೆಳಗಿನವರೆಗೆ ಕುಳಿತೇ ಇದ್ದಳು. ಮರುದಿನವೆಲ್ಲ ಡೆಕ್ಕಿನ ಮೇಲೆ ಕಳೆದು, ಅದರ ಮಾರನೆಯ ಬೆಳಿಗ್ಗೆ ಭಾವುಚಾ ಧಕ್ಕಾದಲ್ಲಿ ಇಳಿದಾಗ, ಭಾವ ಎದುರಿಗೆ ನಿಂತಿದ್ದರು. ಆ ಸ್ಟೀಮರು ನಿಂತು ದಶಕಗಳೇ ಕಳೆದವು. ಭಾವನೂ ಈಗಿಲ್ಲ.

ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಆ ಖೋಲಿಯಲ್ಲಿ ಅಕ್ಕ, ಭಾವ, ಎರಡು ಮಕ್ಕಳು, ಭಾವನ ತಾಯಿ, ಮೇಲೆ ನಾವಿಬ್ಬರು. ಒಂದು ಮೂಲೆಯಲ್ಲಿ ಮೋರಿ, ಇನ್ನೊಂದು ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೋವು. ಗಂಡಸರು ರಾತ್ರಿ ಗ್ಯಾಲರಿಯಲ್ಲಿ ಮಲಗುತ್ತಿದ್ದರು. ಹೀಗೆ ಐದು ತಿಂಗಳು. ಒಂದು ದಿನವಾದರೂ ಅಕ್ಕ, ಎಂದು ಮನೆ ನೋಡುತ್ತೀರಿ ಎಂದು ಕೇಳಲಿಲ್ಲ.

ಆ ಶನಿವಾರ ನಾವು ಅವಳಿಗೆ ಫೋನು ಮಾಡಿರಲಿಲ್ಲ. ಈಗ ಅವಳಿಗೆ ಎಂಬತ್ತನಾಲ್ಕು. ಒಬ್ಬಳೇ ಇದ್ದಾಳೆ. ಈ ವಯಸ್ಸಿನಲ್ಲಿ ಅವಳಿಗೇಕೆ ತೊಂದರೆ ಎಂದುಕೊಂಡೆವು. ಮಹಾನಗರದ ಸಭ್ಯತೆಗೆ ಈ ‘ತೊಂದರೆ’ ಎಂಬ ಮಾತಿಗಿಂತ ದೊಡ್ಡ ಆಧಾರ ಬೇರೊಂದಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಕೋಣೆಗೆ ನೀರು ತಂದ ಹುಡುಗ ಝಾರ್ಖಂಡಿನವನು. ಒಂದು ಕಾಲಕ್ಕೆ ಇಂಥ ಕೆಲಸಕ್ಕೆ ನಮ್ಮ ಕರಾವಳಿಯ ಹುಡುಗರು ಬರುತ್ತಿದ್ದರು. ಹಗಲೆಲ್ಲ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಕೊನೆಯ ಗಿರಾಕಿ ಎದ್ದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಈ ಹುಡುಗ ಎಲ್ಲಿ ಮಲಗುತ್ತಾನೆಂದು ಕೇಳಿದೆವು. ಚಾದರ, ಟವೆಲು ಇಡುವ ಕೋಣೆಯಲ್ಲಿ ಎಂದ. ಅವನೂ ನಮ್ಮನ್ನು ವಿಚಾರಿಸಿದ. ಡೊಂಬಿವಲಿ ಎಂದಾಗ ಅವನಿಗೆ ಸೋಜಿಗವಾಯಿತು. ಇಷ್ಟು ಹತ್ತಿರದವರು, ಈ ಕಡೆ ನಿಮ್ಮವರು ಯಾರೂ ಇಲ್ಲವೇ ಎಂದ.

ಯಾರೂ ಇಲ್ಲ ಎಂದೆವು. ಇಬ್ಬರಲ್ಲಿ ಯಾರು ಹೇಳಿದ್ದು ಎಂಬುದು ಮುಖ್ಯವಲ್ಲ; ಇನ್ನೊಬ್ಬರು ತಿದ್ದಲಿಲ್ಲ.

ಆ ಮಾತಿನ ಮೇಲೆ ನಿದ್ದೆ ಬರಲಿಲ್ಲ. ಮೆತ್ತನೆಯ ಹಾಸಿಗೆ, ತಣ್ಣನೆಯ ಗಾಳಿ, ಕಿಟಕಿಯ ಕೆಳಗೆ ಬ್ಯಾಲಾರ್ಡ್ ಎಸ್ಟೇಟಿನ ನಿರ್ಜನವಾದ ಕಲ್ಲಿನ ಕಟ್ಟಡಗಳು. 1914ರಿಂದ 1918ರ ನಡುವೆ ಹತ್ತಿರದ ಅಲೆಕ್ಸಾಂಡ್ರಾ ಡಾಕಿಗಾಗಿ ಅಗೆದ ಮಣ್ಣನ್ನು ತುಂಬಿಸಿ ಎಬ್ಬಿಸಿದ ನೆಲವಂತೆ ಅದು. ಮಲಗಿದಲ್ಲೇ ನಾವಿಬ್ಬರು ವಾದಕ್ಕೆ ತೊಡಗಿದೆವು.

ಹೋಟೆಲಿನ ಪರವಾಗಿ ವಾದಿಸಿದ್ದು ನಮ್ಮಲ್ಲಿ ಅಡಿಗೆಮನೆ ಬಲ್ಲವರು. ಅವರ ಮಾತು ಹೀಗೆ: ಅತಿಥಿ ಸತ್ಕಾರವನ್ನು ಹೊಗಳಿ ಬರೆದವರೆಲ್ಲ ಗಂಡಸರು. ಆ ಐದು ತಿಂಗಳು ಬೆಳಗಿನ ನಾಲ್ಕೂವರೆಗೆ ನಲ್ಲಿಯ ನೀರಿಗೆ ಎದ್ದವಳು ಅಕ್ಕ. ಆರು ಜನರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದಿದ್ದನ್ನು ಉಂಡವಳು ಅಕ್ಕ. ನಾವಿಬ್ಬರು ಬಂದೆವೆಂದು ರೇಷನ್ನಿನ ಸಕ್ಕರೆ ಬೆಳೆಯಲಿಲ್ಲ. ಅವಳ ಚಹಾದ ಸಿಹಿ ಕಡಿಮೆಯಾಯಿತು, ಅಷ್ಟೇ. ಭಾವನಿಗೆ ಊರಲ್ಲಿ ಉದಾರಿಯೆಂಬ ಹೆಸರು ಬಂತು. ಹಣ ಕೊಟ್ಟು ಕೋಣೆ ಹಿಡಿಯುವುದರಿಂದ ಇನ್ನೊಬ್ಬ ಹೆಂಗಸಿನ ಬೆನ್ನು ಉಳಿಯುತ್ತದೆ. ಇದರಲ್ಲಿ ಪಾಪವೇನು?

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಇನ್ನೂ ಒಂದನ್ನು ಅದಕ್ಕೆ ಸೇರಿಸಬಹುದು. ಮೇಲೆ ಹೇಳಿದ ಅದೇ ಮನುಸ್ಮೃತಿ, ಬ್ರಾಹ್ಮಣನ ಮನೆಗೆ ಬಂದ ವೈಶ್ಯ ಶೂದ್ರರಿಗೆ ಆಳುಗಳೊಂದಿಗೆ ಊಟ ಹಾಕು ಎನ್ನುತ್ತದೆ. ಅವರನ್ನು ಅತಿಥಿಗಳೆಂದು ಕರೆಯಲೊಪ್ಪುವುದಿಲ್ಲ. ಹಳೆಯ ಆತಿಥ್ಯ ನೀರು ಕೊಡುವ ಮೊದಲು ಕುಲ ಕೇಳುತ್ತಿತ್ತು. ಹೋಟೆಲಿನ ಕೌಂಟರು ಕೇಳುವುದು ಹಣವನ್ನು. ಜಾತಿ ಧರ್ಮ ಕೇಳುವುದನ್ನು ಎಲ್ಲ ಕಡೆಯೂ ಬಿಟ್ಟಿದ್ದಾರೆಂದು ಹೇಳಲಾರೆವು. ಆದರೂ ಊರಿನ ಜಗಲಿಯಿಂದ ಇಳಿಸಲ್ಪಟ್ಟವನು ಪಟ್ಟಣದಲ್ಲಿ ದುಡ್ಡು ಕೊಟ್ಟು ತಲೆಯೆತ್ತಿ ಮಲಗಬಲ್ಲ ಎಂಬುದು ಸಣ್ಣ ಮಾತಲ್ಲ. ಜರ್ಮನಿಯ ಕಾಂಟ್ ಮಹಾಶಯ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆಯುವಾಗ, ಪರದೇಶಿಗೆ ಬಂದು ಹೋಗುವ ಹಕ್ಕಿದೆ, ಅತಿಥಿಯಾಗಿ ಮನೆಯೊಳಗೆ ಇರಿಸಿಕೊಳ್ಳಿ ಎಂದು ಕೇಳುವ ಹಕ್ಕಿಲ್ಲ, ಅದಕ್ಕೆ ಬೇರೆ ಒಪ್ಪಂದವೇ ಬೇಕು ಎಂದ. ಹೋಟೆಲಿನ ಬಿಲ್ಲು ಆ ಬೇರೆ ಒಪ್ಪಂದ. ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಡು ಹಿಂದಿರುಗಿಸಿದರೆ ಯಾರಿಗೂ ಯಾರ ಹಂಗೂ ಇಲ್ಲ.

ಈ ಹಂಗಿಲ್ಲದಿರುವಿಕೆಯೇ ನಮ್ಮ ನಿದ್ದೆ ಕೆಡಿಸಿದ್ದು. ಶತಪಥ ಬ್ರಾಹ್ಮಣದಲ್ಲಿ ಮನುಷ್ಯ ಹುಟ್ಟುವಾಗಲೇ ಋಣಿಯೆಂಬ ಮಾತಿದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಅಲ್ಲಿ ನಾಲ್ಕನೆಯದೂ ಒಂದಿದೆ: ಮನುಷ್ಯರ ಋಣ. ಅದನ್ನು ತೀರಿಸುವ ಬಗೆ, ಮನುಷ್ಯರಿಗೆ ಇರಲು ಜಾಗವನ್ನೂ ಉಣ್ಣಲು ಅನ್ನವನ್ನೂ ಕೊಡುವುದು. ನಾವು ಇದನ್ನು ನಮ್ಮ ಮಟ್ಟಿಗೆ ತೀರಿಸಿದ್ದೇವೆಂದೇ ಎಣಿಸಿದ್ದೆವು. ಡೊಂಬಿವಲಿಯ ಮನೆಯಲ್ಲಿ ಊರಿನ ಎಷ್ಟು ಹುಡುಗರು ಕೆಲಸ ಸಿಗುವ ತನಕ ಉಳಿದು ಹೋಗಲಿಲ್ಲ! ಅಕ್ಕ ನಮಗೆ ಕೊಟ್ಟದ್ದನ್ನು ನಾವು ಇನ್ನೊಬ್ಬರಿಗೆ ಕೊಟ್ಟೆವು, ಲೆಕ್ಕ ಸರಿಹೋಯಿತು ಎಂಬ ಸಮಾಧಾನವಿತ್ತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದೇ? ಕೊಟ್ಟವರಿಂದ ಮತ್ತೆ ಪಡೆಯುವ ಕರ್ತವ್ಯವೊಂದು ಇಲ್ಲವೇ? ಅಕ್ಕನಿಗೆ ತೊಂದರೆ ಬೇಡ ಎಂದಾಗ ನಾವು ಅವಳ ಪರವಾಗಿ ಒಂದು ತೀರ್ಮಾನವನ್ನು ಮಾಡಿಬಿಟ್ಟಿದ್ದೆವು: ಅವಳಲ್ಲಿ ಇನ್ನು ಕೊಡಲು ಏನೂ ಉಳಿದಿಲ್ಲ ಎಂದು. ಮುದುಕರಾದವರನ್ನು ಹೀಗೆ ಸದ್ದಿಲ್ಲದೆ ದಾನಿಗಳ ಸಾಲಿನಿಂದ ಎಬ್ಬಿಸಿ, ಪಡೆಯುವವರ ಸಾಲಿಗೆ ಕೂರಿಸುತ್ತೇವೆ. ಹಬ್ಬಕ್ಕೆ ಸೀರೆ ಕೊಡುತ್ತೇವೆ, ಔಷಧಿ ತಂದುಕೊಡುತ್ತೇವೆ. ಒಂದು ಲೋಟ ಚಹಾ ಕೊಡಲು ಎದ್ದರೆ ಮಾತ್ರ, ಬೇಡ ಬೇಡ ಎಂದು ಕೈಹಿಡಿದು ಕೂರಿಸುತ್ತೇವೆ. ನಮ್ಮ ಮಕ್ಕಳೂ ಈಗ ನಮಗೆ ಇದನ್ನೇ ಮಾಡತೊಡಗಿದ್ದಾರಾದ್ದರಿಂದ ಅದರ ರುಚಿ ನಮಗೆ ಗೊತ್ತು.

ಇನ್ನೊಂದನ್ನು ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಅಕ್ಕನ ಚಾಳಿನಲ್ಲಿ ಶೌಚಾಲಯ ಗ್ಯಾಲರಿಯ ಕೊನೆಯಲ್ಲಿದೆ, ನಾಲ್ಕು ಮನೆಗಳಿಗೆ ಸೇರಿ ಒಂದು. ಮೂರು ಮಾಳಿಗೆಯ ಮರದ ಮೆಟ್ಟಿಲು ನಮ್ಮ ಮೊಣಕಾಲುಗಳಿಗೆ ಒಗ್ಗುವುದಿಲ್ಲ. ಮಗ ಕೋಣೆಯ ಮಾತೆತ್ತಿದಾಗ ನಮ್ಮ ಮನಸ್ಸಿಗೆ ಮೊದಲು ಬಂದುದು ಅಕ್ಕನ ಬೆನ್ನಲ್ಲ, ನಮ್ಮ ಮೊಣಕಾಲು. ಅಕ್ಕನ ತೊಂದರೆ ಆಮೇಲೆ ಸೇರಿಕೊಂಡಿತು, ಮಾತಿಗೆ ಮರ್ಯಾದೆ ಬರಲೆಂದು. ಸುಖ ಬಯಸುವುದು ತಪ್ಪಲ್ಲ. ಎಪ್ಪತ್ತರ ಮೇಲೆ ಅದಕ್ಕೆ ಕ್ಷಮೆ ಕೇಳಬೇಕಾದ್ದೂ ಇಲ್ಲ. ಅದನ್ನು ಇನ್ನೊಬ್ಬರ ಮೇಲಿನ ಕರುಣೆಯೆಂದು ಹೇಳಿಕೊಂಡದ್ದು ತಪ್ಪು. ಅಕ್ಕಾ, ನಮಗೆ ಮೆಟ್ಟಿಲು ಆಗದು, ಹೋಟೆಲಿನಲ್ಲಿ ಉಳಿಯುತ್ತೇವೆ, ರಾತ್ರಿ ಊಟಕ್ಕೆ ನೀನೇ ಬಾ ಎಂದು ಒಂದು ಫೋನು ಮಾಡಬಹುದಿತ್ತು. ಆಗ ಆ ಹುಡುಗನಿಗೆ ಸುಳ್ಳು ಹೇಳುವ ಪ್ರಮೇಯವೂ ಬರುತ್ತಿರಲಿಲ್ಲ. ಬೆಳಿಗ್ಗೆಯಾದರೂ ಫೋನು ಮಾಡಬಹುದಿತ್ತು. ಏನೆಂದು ಹೇಳುವುದು ಎಂಬ ಸಂಕೋಚದಲ್ಲಿ ಹನ್ನೊಂದಾಯಿತು, ಟ್ಯಾಕ್ಸಿ ಬಂತು.

ಹಡಗಿನ ವಿಷಯ ಹೆಚ್ಚು ಬರೆಯುವಂಥದ್ದಿಲ್ಲ. ಊಟ ಧಾರಾಳ, ಸಂಗೀತ ಇನ್ನೂ ಧಾರಾಳ. ಜನವೋ ಜನ. ಐವತ್ತು ವರ್ಷದ ಹಿಂದೆ ಡೆಕ್ಕಿನ ಮೇಲೆ ಅವಲಕ್ಕಿಯ ಗಂಟು ಬಿಚ್ಚಿಕೊಂಡು ಕಂಡ ಅದೇ ಕರಾವಳಿಯ ದೀಪಗಳನ್ನು ಈ ಸಲ ಗಾಜಿನ ಹಿಂದಿನಿಂದ ನೋಡಿದೆವು.

ಹಿಂದಿರುಗಿ ಬಂದ ಬೆಳಿಗ್ಗೆ ಪೆಟ್ಟಿಗೆಯೊಡನೆ ನೇರ ಗಿರಗಾಂವಕ್ಕೆ ಹೋದೆವು. ಪ್ರತಿ ಮಾಳಿಗೆಯಲ್ಲೂ ನಿಂತು ಉಸಿರು ತೆಗೆದುಕೊಂಡು ಹತ್ತಿದೆವು. ಅಕ್ಕ ಬಾಗಿಲಲ್ಲೇ ಕುಳಿತು ಸೊಪ್ಪು ಸೋಸುತ್ತಿದ್ದಳು. ಅವಳಿಗೆ ಆಗಲೇ ಎಲ್ಲ ಗೊತ್ತಿತ್ತು. ನಮ್ಮ ಮಗಳು ಫೋಟೋ ಕಳಿಸಿದ್ದಳಂತೆ.

“ಫೋರ್ಟಿನಲ್ಲಿ ಉಳಿದಿದ್ರಂತೆ?” ಎಂದಳು. ಹೌದು ಎಂದೆವು. “ಎಷ್ಟು ತಗೊಂಡ ರೂಮಿಗೆ?” ನಾವು ಅರ್ಧದಷ್ಟು ಹೇಳಿದೆವು. ಅದಕ್ಕೂ ಅವಳ ಹುಬ್ಬು ಏರಿತು. “ಇರಲಿ, ಮೈಮುರಿದು ಮಲಗೋಕಾದರೂ ಆಯ್ತಲ್ಲ” ಎಂದು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದಳು. ಚಹಾ ಬೇಡ ಎನ್ನಲು ನಮಗೆ ಬಾಯಿ ಬರಲಿಲ್ಲ.

ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಹೇಳಿದಳು: “ಎಡಗಣ್ಣಿನ ಪೊರೆ ತೆಗೆಸಬೇಕಂತೆ. ಆಮೇಲೆ ಸ್ವಲ್ಪ ದಿನ ಈ ಮೆಟ್ಟಿಲು ಹತ್ತಿಳಿಯೋದು ಬೇಡ ಅಂದಿದಾರೆ ಡಾಕ್ಟ್ರು. ಒಂದು ಎಂಟು ದಿನ ನಿಮ್ಮಲ್ಲಿ ಬಂದಿರೋಣ ಅಂತ ಮನಸ್ಸಿನಲ್ಲಿತ್ತು.”

ಇಬ್ಬರೂ ಒಟ್ಟಿಗೆ, ಬಾ ಅಕ್ಕಾ, ಕೋಣೆ ಖಾಲಿಯೇ ಇದೆ, ಲಿಫ್ಟಿದೆ, ಎಂದೆವು. ನಮ್ಮ ದನಿ ಬೇಕಾದುದಕ್ಕಿಂತ ದೊಡ್ಡದಾಯಿತೆಂದು ನಮಗೇ ತಿಳಿಯಿತು.

“ನೋಡೋಣ” ಎಂದಳು ಅಕ್ಕ, ಲೋಟಗಳನ್ನು ಎತ್ತಿಕೊಳ್ಳುತ್ತ. “ನಿಮಗೆ ಯಾಕೆ ತೊಂದರೆ.”

ಆಮೇಲೆ ಮೂರು ಸಲ ಫೋನು ಮಾಡಿದ್ದೇವೆ. ಆಪರೇಷನ್ನಿನ ದಿನ ಯಾವುದೆಂದು ಅವಳು ಇನ್ನೂ ಹೇಳಿಲ್ಲ.